ಕಬ್ಬಿಣಕ್ಕೆ ಗಾಜಿನ ಹೊದಿಕೆ

ಕರಾವಳಿಯ ಅಡುಗೆಮನೆಯಲ್ಲಿ ಹುಳಿಯಿಲ್ಲದ ದಿನವಿಲ್ಲ. ಹುಣಸೆ, ಪುನರ್ಪುಳಿ, ಬಿಂಬುಳಿ, ಅಂಬಟೆ, ಮಾವಿನಕಾಯಿ, ಮಜ್ಜಿಗೆ ಹೀಗೆ ಒಂದಲ್ಲ ಒಂದು ಹುಳಿ ಪಾತ್ರೆಗೆ ಬಿದ್ದೇ ಬೀಳುತ್ತದೆ. ಸಾಲದ್ದಕ್ಕೆ ಮಳೆಗಾಲಕ್ಕೆಂದು ಉಪ್ಪುನೀರಿನಲ್ಲಿ ಹಾಕಿಟ್ಟ ಮಾವಿನಮಿಡಿ, ಹಲಸಿನ ಸೊಳೆ. ಹುಳಿಗೂ ಉಪ್ಪಿಗೂ ಲೋಹದೊಂದಿಗೆ ಎಂದಿಗೂ ಹೊಂದಿಕೆಯಿಲ್ಲ. ತಾಮ್ರ ಕಿಲುಬುಗಟ್ಟುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ, ಅಲ್ಯುಮಿನಿಯಂ ಕಪ್ಪಾಗಿ ಗುಳಿಬೀಳುತ್ತದೆ. ಹಾಗೆಂದು ಲೋಹವನ್ನು ಬಿಡುವಂತೆಯೂ ಇಲ್ಲ. ಬೆಂಕಿಯ ಶಾಖವನ್ನು ಬೇಗನೆ ಒಳಗೆ ಮುಟ್ಟಿಸುವುದು ಲೋಹವೇ, ಕೈತಪ್ಪಿ ಬಿದ್ದರೆ ಒಡೆಯದೆ ಉಳಿಯುವುದೂ ಲೋಹವೇ.

ಈ ಇಕ್ಕಟ್ಟಿಗೆ ಒಂದೊಂದು ಕಾಲ ಒಂದೊಂದು ಉತ್ತರ ಹುಡುಕಿತು. ಹುಳಿಹಾಕಿ ಕುದಿಸುವ ಮೀನಿನ ಪದಾರ್ಥಕ್ಕೆ ಮಣ್ಣಿನ ಬಿಸಲೆ, ಉಪ್ಪಿನಕಾಯಿಗೆ ಹೊಳಪಿನ ಭರಣಿ, ತಾಮ್ರ ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ. ಇವುಗಳ ಸಾಲಿಗೆ ಕೊನೆಗೆ ಬಂದು ಸೇರಿ, ಒಂದೆರಡು ತಲೆಮಾರು ಮೆರೆದು, ಸ್ಟೀಲಿನ ಭರಾಟೆಯಲ್ಲಿ ಮೂಲೆ ಸೇರಿದ್ದು ಎನಾಮೆಲ್ ಪಾತ್ರೆ. ಬಿಳಿಯ ಒಡಲು, ನೀಲಿಯ ಅಂಚು, ಅಲ್ಲಲ್ಲಿ ಚಕ್ಕೆ ಎದ್ದ ಕಪ್ಪು ಕಲೆ. ಹಳೆಯ ಮನೆಗಳ ಅಟ್ಟದಲ್ಲಿ ಅಂಥದ್ದೊಂದು ತಟ್ಟೆಯೋ ಲೋಟವೋ ಈಗಲೂ ಸಿಕ್ಕೀತು. ನೋಡಲು ಸಾಧಾರಣ. ಆದರೆ ಒಂದಕ್ಕೊಂದು ಒಗ್ಗದ ಎರಡು ವಸ್ತುಗಳನ್ನು ಒಂದೇ ಮೈಯಲ್ಲಿ ಬಾಳಿಸಿದ ಜಾಣ್ಮೆ ಅದರಲ್ಲಿದೆ.

ಹೆಸರಿನ ತೊಡಕು

ಮೊದಲು ಹೆಸರನ್ನು ಬಿಡಿಸಿಕೊಳ್ಳಬೇಕು. ನಮ್ಮ ಜನ ಇದನ್ನು ಪಿಂಗಾಣಿ ಎಂದೇ ಕರೆದರು. ಚೀನಾ ಮಣ್ಣಿನಿಂದ ಸುಟ್ಟು ಮಾಡಿದ ಕಪ್ಪು ಬಸಿಗಳೂ ಪಿಂಗಾಣಿಯೇ, ಕಬ್ಬಿಣದ ತಗಡಿಗೆ ಬಿಳಿ ಲೇಪ ಕೊಟ್ಟ ತಟ್ಟೆಯೂ ಪಿಂಗಾಣಿಯೇ. ಪಾರಸಿಯಲ್ಲಿ ಬಟ್ಟಲಿಗೆ ‘ಪಿಂಗಾನ್’ ಎಂಬ ಮಾತಿದೆ. ನಮ್ಮ ಪದವೂ ಅದರ ಬಂಧುವೆಂದು ತೋರುತ್ತದೆ. ನೋಟಕ್ಕೆ ಎರಡೂ ಒಂದೇ ಆದರೂ ಒಳಗೆ ಬೇರೆ ಬೇರೆ. ಮೊದಲನೆಯದು ಅಂಚಿನಿಂದ ಅಂಚಿಗೆ ಮಣ್ಣು. ಎರಡನೆಯದು ಗಾಜಿನ ತೊಗಲು ತೊಟ್ಟ ಕಬ್ಬಿಣ.

ಇನ್ನೊಂದು ಗೊಂದಲ ಬಣ್ಣದ ಅಂಗಡಿಯದು. ಬಾಗಿಲು ಕಿಟಕಿಗಳಿಗೆ ಬಳಿಯುವ ಹೊಳಪಿನ ಬಣ್ಣವನ್ನೂ ಎನಾಮೆಲ್ ಎಂದೇ ಮಾರುತ್ತಾರೆ. ಅದು ಬರಿಯ ಬಣ್ಣ, ಗಾಳಿಗೆ ಒಣಗುವಂಥದು. ಪಾತ್ರೆಯ ಎನಾಮೆಲ್ ಒಣಗುವುದಲ್ಲ, ಕುಲುಮೆಯಲ್ಲಿ ಕರಗಿ ಕಬ್ಬಿಣವನ್ನು ಕಚ್ಚಿಕೊಳ್ಳುವಂಥದು. ಈಚೆಗೆ ‘ಸೆರಾಮಿಕ್ ಲೇಪ’ವೆಂದು ಮಾರುವ ಅಲ್ಯುಮಿನಿಯಂ ಕಾವಲಿಗಳದೂ ಬೇರೆಯೇ ಜಾತಿ. ಆ ಲೇಪವನ್ನು ಎನಾಮೆಲ್ ಕುಲುಮೆಗಿಂತ ಬಹಳ ಕಡಿಮೆ ಶಾಖದಲ್ಲಿ ಗಟ್ಟಿಮಾಡುತ್ತಾರೆ; ಬಾಳಿಕೆಯೂ ಕಡಿಮೆ.

ಬಲ್ಮಠದಿಂದ ಜೆಪ್ಪುವಿಗೆ

ಮಣ್ಣು ಮತ್ತು ಬೆಂಕಿಯ ವಿದ್ಯೆಗೆ ಮಂಗಳೂರು ಹೊಸದಲ್ಲ. 1834ರಲ್ಲಿ ಇಲ್ಲಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರಿಗೆ ಬಲ್ಮಠದ ಗುಡ್ಡ ನೆಲೆಯಾಯಿತು. ಅಲ್ಲಿ ಶಾಲೆ, ನೇಯ್ಗೆಯ ಮಗ್ಗ, ಮುದ್ರಣಾಲಯಗಳು ಬೆಳೆದವು. ಹರ್ಮನ್ ಮೋಗ್ಲಿಂಗ್ 1843ರಲ್ಲಿ ಹೊರಡಿಸಿದ ‘ಮಂಗಳೂರು ಸಮಾಚಾರ’ವಾಗಲಿ, 1894ರಲ್ಲಿ ಬೆಳಕು ಕಂಡ ಕಿಟ್ಟೆಲರ ಕನ್ನಡ ನಿಘಂಟಾಗಲಿ ಈ ಪರಂಪರೆಯ ಫಲಗಳೇ. ಅದೇ ಮುದ್ರಣದ ಕೆಲಸಕ್ಕೆಂದು ಬಂದವರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಒಬ್ಬರು. ಯಂತ್ರಗಳ ಕೆಲಸ ಬಲ್ಲ ಈ ಮನುಷ್ಯನ ಕಣ್ಣು ಅಚ್ಚಿನ ಮೊಳೆಗಳಿಂದ ನದಿದಂಡೆಯ ಜೇಡಿಮಣ್ಣಿನತ್ತ ಹೊರಳಿತು. 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭವಾಯಿತು. ಮುಂದೆ ಮಂಗಳೂರಿನ ಕೆಂಪು ಹೆಂಚು ಕಡಲು ದಾಟಿದ ಕಥೆ ಎಲ್ಲರಿಗೂ ಗೊತ್ತಿರುವಂಥದೇ.

ಆ ಹೆಂಚಿಗೆ ಹೊಳಪಿಲ್ಲ. 900 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಸುಟ್ಟ ಬರಿಯ ಜೇಡಿಮಣ್ಣು ಅದು. ಸಣ್ಣ ಸಣ್ಣ ರಂಧ್ರಗಳಿರುವುದರಿಂದ ಮಳೆಯ ನೀರನ್ನು ತುಸು ಹೀರುತ್ತದೆ, ಪಾಚಿಗಟ್ಟುತ್ತದೆ, ಕಪ್ಪಾಗುತ್ತದೆ. ಮಾಡಿಗೆ ಅಷ್ಟು ಸಾಕು. ಆದರೆ ಉಪ್ಪಿನಕಾಯಿಯನ್ನು ಅಂಥ ಮಣ್ಣಿನಲ್ಲಿ ಇಟ್ಟರೆ ಉಪ್ಪುನೀರು ಹೊರಗೆ ಒಸರುತ್ತದೆ. ಅದಕ್ಕೇ ಭರಣಿಯ ಮೈಗೆ ಗಾಜಿನ ಲೇಪ ಬೇಕಾಯಿತು. ಆ ಲೇಪ ಬರಿಸುವ ಹಳೆಯ ಕ್ರಮಗಳಲ್ಲೊಂದು ಸ್ವಾರಸ್ಯಕರವಾಗಿದೆ. ಕುಲುಮೆ 1200 ಡಿಗ್ರಿ ದಾಟಿ ಕಾದಿರುವಾಗ ಅದರೊಳಕ್ಕೆ ಅಡುಗೆಯ ಉಪ್ಪನ್ನು ಎರಚುತ್ತಾರೆ. ಉಪ್ಪಿನಲ್ಲಿರುವ ಸೋಡಿಯಂ ಆವಿಯಾಗಿ ಮಣ್ಣಿನ ಮರಳಿನಂಶದೊಂದಿಗೆ ಕೂಡಿ ಜಾಡಿಯ ಮೈಮೇಲೆ ಗಾಜಾಗಿ ಹರಡುತ್ತದೆ. ಉಪ್ಪನ್ನು ತಡೆಯುವ ಜಾಡಿಗೆ ಉಪ್ಪಿನಿಂದಲೇ ಕವಚ!

ಮಣ್ಣಿನ ಮೇಲೆ ಗಾಜು ಹರಡುವುದು ಕಷ್ಟವಲ್ಲ. ಎರಡೂ ಒಂದೇ ಕುಲದವು. ಕಬ್ಬಿಣದ ಮೇಲೆ ಹರಡುವುದೇ ಕಷ್ಟ. ಚಿನ್ನದ ಮೇಲೆ ಬಣ್ಣದ ಗಾಜನ್ನು ಕರಗಿಸಿ ಕೂರಿಸುವ ಕುಶಲತೆ ಮೂರು ಸಾವಿರ ವರ್ಷಕ್ಕೂ ಹಿಂದಿನದು. ಜೈಪುರದ ಮೀನಾಕಾರಿ ಒಡವೆಗಳಲ್ಲಿ ಕಾಣುವುದೂ ಅದೇ ವಿದ್ಯೆ. ಚಿನ್ನ ತುಕ್ಕು ಹಿಡಿಯದು, ಸುಟ್ಟರೆ ಹಪ್ಪಳಿಕೆ ಏಳದು, ಆದ್ದರಿಂದ ಗಾಜು ಸುಖವಾಗಿ ಕೂರುತ್ತದೆ. ಬಡವರ ಲೋಹವಾದ ಕಬ್ಬಿಣಕ್ಕೆ ಆ ಭಾಗ್ಯ ಬರಲು 18ನೆಯ ಶತಮಾನದವರೆಗೆ ಕಾಯಬೇಕಾಯಿತು. ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯ ಕೋನಿಗ್ಸ್‌ಬ್ರೋನ್ ಎಂಬಲ್ಲಿ 1760ರ ದಶಕದಲ್ಲಿ ಬೀಡುಕಬ್ಬಿಣದ ಅಡುಗೆ ಪಾತ್ರೆಗಳಿಗೆ ಎನಾಮೆಲ್ ಕೊಡುವ ಯತ್ನ ಫಲಿಸಿತು. ಮೋಗ್ಲಿಂಗರು ಹುಟ್ಟಿದ್ದು ಇದೇ ಸೀಮೆಯಲ್ಲಿ. ಹಾಗೆಂದು ಹೆಂಚಿಗೂ ಎನಾಮೆಲ್ಲಿಗೂ ನಂಟು ಕಟ್ಟಬೇಕಾಗಿಲ್ಲ. ಆದರೆ ಕುಂಬಾರನ ಅಂದಾಜಿನಲ್ಲಿದ್ದ ಬೆಂಕಿಯನ್ನು ಅಳತೆಗೆ ತಂದು, ಒಂದೇ ಬಗೆಯ ಸಾವಿರ ವಸ್ತುಗಳನ್ನು ಸುಡುವ ಆ ಕಾಲದ ಹುರುಪು ಎರಡರ ಹಿಂದೆಯೂ ಇತ್ತು. 19ನೆಯ ಶತಮಾನದ ನಡುವಿನಲ್ಲಿ ಕಬ್ಬಿಣದ ತಗಡನ್ನು ಯಂತ್ರದಲ್ಲಿ ಒತ್ತಿ ಪಾತ್ರೆ ಮಾಡುವುದು ರೂಢಿಗೆ ಬಂದ ಮೇಲೆ ಎನಾಮೆಲ್ ಪಾತ್ರೆ ಹಗುರವೂ ಅಗ್ಗವೂ ಆಗಿ ಜಗತ್ತನ್ನೆಲ್ಲ ಸುತ್ತಿತು.

ಗಾಜು ಕಬ್ಬಿಣಗಳ ಸಂಸಾರ

ಎನಾಮೆಲ್ಲಿನ ಮೂಲವಸ್ತು ಮರಳು. ಅದಕ್ಕೆ ಬಿಳಿಗಾರ ಅಂದರೆ ಬೊರಾಕ್ಸ್, ಸೋಡಾ, ಫೆಲ್ಡ್‌ಸ್ಪಾರ್ ಎಂಬ ಖನಿಜ ಮೊದಲಾದವನ್ನು ಸೇರಿಸಿ 1200 ಡಿಗ್ರಿಯ ಸುಮಾರಿನಲ್ಲಿ ಕರಗಿಸುತ್ತಾರೆ. ಕೆಂಡದಂಥ ಆ ಗಾಜಿನ ಪಾಕವನ್ನು ತಣ್ಣೀರಿಗೆ ಸುರಿದರೆ ಚೂರುಚೂರಾಗುತ್ತದೆ. ಈ ಚೂರಿಗೆ ಫ್ರಿಟ್ ಎಂದು ಹೆಸರು. ಇದನ್ನು ತುಸು ಜೇಡಿಮಣ್ಣು ಮತ್ತು ನೀರಿನೊಂದಿಗೆ ನುಣ್ಣಗೆ ಅರೆದರೆ ದೋಸೆಹಿಟ್ಟಿನ ಹದದ ಗಂಜಿ ಸಿದ್ಧ. ಉಜ್ಜಿ ತೊಳೆದ ತಗಡಿನ ಪಾತ್ರೆಯನ್ನು ಅದರಲ್ಲಿ ಅದ್ದಿ, ಒಣಗಿಸಿ, 800ರಿಂದ 850 ಡಿಗ್ರಿ ಶಾಖದ ಕುಲುಮೆಯಲ್ಲಿ ಕೆಲವೇ ನಿಮಿಷ ಇಡುತ್ತಾರೆ. ಪುಡಿ ಕರಗಿ ಒಂದಾಗಿ ಹರಡಿಕೊಳ್ಳುತ್ತದೆ. ಅಲ್ಯುಮಿನಿಯಂ 660 ಡಿಗ್ರಿಗೇ ಕರಗುವ ಲೋಹ. ಆದುದರಿಂದ ಈ ಎನಾಮೆಲ್ ಅದಕ್ಕೆ ಸಲ್ಲದು. ಕಡಿಮೆ ಶಾಖದಲ್ಲಿ ಕರಗುವ ಬೇರೆ ಗಾಜನ್ನೇ ಹುಡುಕಬೇಕು.

ಕಬ್ಬಿಣಕ್ಕೆ ಗಾಜು ಅಂಟುವುದು ಹೇಗೆ? ಬರಿಯ ಗಾಜನ್ನು ಕರಗಿಸಿ ಹಚ್ಚಿದರೆ ಆರಿದಾಗ ಹಪ್ಪಳದಂತೆ ಎದ್ದುಬರುತ್ತದೆ. ಅದನ್ನು ಕಚ್ಚಿ ನಿಲ್ಲಿಸುವುದು ಕೋಬಾಲ್ಟ್ ಅಥವಾ ನಿಕ್ಕಲ್ ಲೋಹದ ಆಕ್ಸೈಡ್. ಮೊದಲ ಲೇಪದಲ್ಲಿ ಅದು ನೂರರಲ್ಲಿ ಒಂದು ಪಾಲಿನಷ್ಟಿದ್ದರೂ ಸಾಕು. ಕುಲುಮೆಯ ಶಾಖದಲ್ಲಿ ಅದು ಕಬ್ಬಿಣದ ಮೇಲ್ಮೈಯನ್ನು ಕೊರೆದು ಒರಟಾಗಿಸುತ್ತದೆ. ಆ ಒರಟಿನೊಳಗೆ ಗಾಜು ಬೇರು ಬಿಡುತ್ತದೆ. ಕೋಬಾಲ್ಟ್ ಬೆರೆತ ಗಾಜು ಕಡುನೀಲಿ. ಅದರ ಮೇಲೆ ಎರಡನೆಯ ಲೇಪವಾಗಿ ಬಿಳಿ. ಬಿಳಿಗೆ ಹಿಂದೆ ತವರದ ಆಕ್ಸೈಡ್, 1940ರ ದಶಕದಿಂದ ಈಚೆಗೆ ಟೈಟಾನಿಯಂ ಆಕ್ಸೈಡ್. ಚಕ್ಕೆ ಎದ್ದಲ್ಲಿ ಕಾಣುವ ಕಪ್ಪು ಕಲೆ ಕೊಳೆಯಲ್ಲ, ಒಳಗಿನ ಆ ಕಡುನೀಲಿ ಲೇಪ ಅಥವಾ ಅದರಡಿಯ ಕಬ್ಬಿಣ. ಎಲ್ಲ ಸೇರಿದರೂ ಹೊದಿಕೆಯ ದಪ್ಪ ಮಿಲಿಮೀಟರಿನ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿರದು.

ಇನ್ನು ಸಂಸಾರದ ಒಳಗುಟ್ಟು. ಒಂದು ಮೀಟರ್ ಉದ್ದದ ಉಕ್ಕಿನ ಪಟ್ಟಿ 100 ಡಿಗ್ರಿಯಷ್ಟು ಹೆಚ್ಚು ಕಾದರೆ ಸುಮಾರು 1.2 ಮಿಲಿಮೀಟರ್ ಹಿಗ್ಗುತ್ತದೆ. ಕಿಟಕಿಯ ಗಾಜಾದರೆ 0.9 ಮಿಲಿಮೀಟರ್. ಎನಾಮೆಲ್ಲನ್ನು ಇವೆರಡರ ನಡುವೆ, ಉಕ್ಕಿಗಿಂತ ತುಸುವೇ ಕಡಿಮೆ ಹಿಗ್ಗುವಂತೆ ಹದಮಾಡುತ್ತಾರೆ. ಕುಲುಮೆಯಿಂದ ಹೊರಬಂದ ಪಾತ್ರೆ ಆರುವಾಗ ಉಕ್ಕು ಹೆಚ್ಚು ಕುಗ್ಗುತ್ತದೆ, ಗಾಜು ಕಡಿಮೆ. ಹೀಗಾಗಿ ಉಕ್ಕು ಗಾಜನ್ನು ಸದಾ ಅಮುಕಿ ಹಿಡಿದಿರುತ್ತದೆ. ಅಮುಕಿದರೆ ಗಾಜು ಬಲಿಷ್ಠ, ಎಳೆದರೆ ದುರ್ಬಲ. ಎನಾಮೆಲ್ ಉಳಿದಿರುವುದು ಈ ಅಮುಕುವಿಕೆಯ ದೆಸೆಯಿಂದ. ಪಾತ್ರೆಯ ಅಂಚು, ಹಿಡಿ, ಮೂಲೆಗಳಲ್ಲಿ ಮೈ ಬಾಗಿರುವುದರಿಂದ ಈ ಹಿಡಿತ ಸಮನಾಗಿರುವುದಿಲ್ಲ. ಚಕ್ಕೆ ಏಳುವುದು ಹೆಚ್ಚಾಗಿ ಅಲ್ಲೇ. ಕಾದ ಪಾತ್ರೆಗೆ ತಣ್ಣೀರು ಹೊಯ್ದರೂ ಹಿಡಿತ ಒಮ್ಮೆಗೇ ತಪ್ಪಿ ಗಾಜು ಬಿರಿಯುತ್ತದೆ.

ಕಲಾಯಿಯ ನೀತಿ, ಎನಾಮೆಲ್ಲಿನ ನೀತಿ

ಎನಾಮೆಲ್ಲಿಗೆ ಮುಂಚಿನ ಹೊದಿಕೆಯಾದ ಕಲಾಯಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ತವರ 232 ಡಿಗ್ರಿಗೇ ಕರಗುತ್ತದೆ. ಬೀದಿಯ ಬದಿಯಲ್ಲಿ ನೆಲ ಅಗೆದು ತಿದಿ ಹೂಡಿ, ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿ ಎರಚಿ, ತವರದ ಕಡ್ಡಿ ತಾಗಿಸಿ, ಹತ್ತಿಯಿಂದ ಸರ್ರನೆ ಉಜ್ಜಿದರೆ ತಾಮ್ರ ಬೆಳ್ಳಿಯಾಗುತ್ತಿತ್ತು. ನವಸಾಗರದ ಬಿಳಿಹೊಗೆ ಸುಮ್ಮನೆ ಏಳುತ್ತಿದ್ದುದಲ್ಲ. ತಾಮ್ರದ ಮೇಲಿನ ಕಿಲುಬನ್ನು ಕಿತ್ತು ತವರಕ್ಕೆ ದಾರಿ ಮಾಡಿಕೊಡುತ್ತಿತ್ತು. ಹುಣಸೆಹಣ್ಣಿನಿಂದ ತಾಮ್ರ ಬೆಳಗುವುದೂ ಇಂಥದೇ ಕೆಲಸ. ಅಡುಗೆಯಲ್ಲಿ ಲೋಹವನ್ನು ತಿನ್ನುವ ಹುಳಿ, ತೊಳೆಯುವಾಗ ಕಿಲುಬನ್ನು ತಿನ್ನುತ್ತದೆ.

ಕಲಾಯಿ ಸವೆಯುತ್ತದೆ, ಆದರೆ ಮತ್ತೆ ಹಾಕಬಹುದು. ಹಳೆಯ ತಾಮ್ರದ ಪಾತ್ರೆ ಮೂರು ತಲೆಮಾರು ಬಾಳಿದ್ದು ಹಾಗೆ. ಎನಾಮೆಲ್ ವರ್ಷಗಟ್ಟಲೆ ಸವೆಯದು. ಆದರೆ ಒಮ್ಮೆ ಒಡೆದರೆ ಬೀದಿಯ ತಿದಿಗೆ ಅದನ್ನು ಸರಿಪಡಿಸುವ ಶಕ್ತಿಯಿಲ್ಲ. 800 ಡಿಗ್ರಿಯ ಕುಲುಮೆಯೇ ಬೇಕು. ತಳ ತೂತಾದ ಎನಾಮೆಲ್ ಪಾತ್ರೆ ಗಿಡ ನೆಡಲು, ಕೋಳಿಗೆ ನೀರಿಡಲು ಹೋಗುತ್ತಿತ್ತು. ಕಾರ್ಖಾನೆಯಲ್ಲಿ ಹುಟ್ಟಿದ ವಸ್ತು ಕಾರ್ಖಾನೆಗೇ ನಿಷ್ಠವಾಗಿರುತ್ತದೆ, ಊರಿನ ಕೈಗೆ ಒಲಿಯುವುದಿಲ್ಲ. ಇಂದು ನಾವು ಬಳಸಿ ಬಿಸಾಡುವ ಸಾವಿರ ವಸ್ತುಗಳ ನೀತಿಯೂ ಇದೇ. ಆ ನೀತಿ ನಮ್ಮ ಅಡುಗೆಮನೆಗೆ ಕಾಲಿಟ್ಟವರಲ್ಲಿ ಎನಾಮೆಲ್ ಮೊದಲಿಗರ ಸಾಲಿನದು.

ಆಸ್ಪತ್ರೆಯಿಂದ ಜಗಲಿಗೆ

ರೋಗಕ್ಕೆ ಕಣ್ಣಿಗೆ ಕಾಣದ ಜೀವಿಗಳು ಕಾರಣವೆಂಬುದು 19ನೆಯ ಶತಮಾನದ ಉತ್ತರಾರ್ಧದಲ್ಲಿ ಸ್ಪಷ್ಟವಾದ ಮೇಲೆ ಎನಾಮೆಲ್ಲಿಗೆ ಹೊಸ ಗೌರವ ಬಂತು. ಗಾಜಿಗೆ ರಂಧ್ರವಿಲ್ಲ, ವಾಸನೆ ಹಿಡಿಯದು, ಕುದಿಯುವ ನೀರನ್ನು ತಡೆಯುತ್ತದೆ, ಬಿಳುಪಿನ ಮೇಲೆ ಕೊಳೆ ಅಡಗದು. ಆಸ್ಪತ್ರೆಯ ಬೇಸಿನ್ನು, ಗಾಯದ ಬಟ್ಟೆ ಹಾಕುವ ಹುರುಳಿಬೀಜದಾಕಾರದ ತಟ್ಟೆ, ಪೀಕದಾನಿ ಎಲ್ಲವೂ ಎನಾಮೆಲ್ ಆದವು. ಹೊರಗೆ ಬಿಸಿಲು ಮಳೆಗೆ ಬಣ್ಣ ಮಾಸದ ಗುಣದಿಂದಾಗಿ ರೈಲು ನಿಲ್ದಾಣದ ಫಲಕಗಳಿಗೂ ಅಂಗಡಿಗಳ ಜಾಹೀರಾತಿಗೂ ಅದೇ ಬಂತು. ಎರಡನೆಯ ಮಹಾಯುದ್ಧದ ಕಾಲಕ್ಕೆ ಅದು ಎಷ್ಟು ನಿತ್ಯದ ವಸ್ತುವಾಗಿತ್ತೆಂದರೆ, ಪೋಲೆಂಡಿನ ಕ್ರಾಕೊವ್ ನಗರದಲ್ಲಿ ಆಸ್ಕರ್ ಷಿಂಡ್ಲರ್ ಸಾವಿರಕ್ಕೂ ಹೆಚ್ಚು ಯಹೂದಿಗಳ ಜೀವ ಉಳಿಸಲು ನೆಪವಾಗಿ ಬಳಸಿಕೊಂಡದ್ದು ಒಂದು ಎನಾಮೆಲ್ ಪಾತ್ರೆಯ ಕಾರ್ಖಾನೆಯನ್ನೇ. 1993ರಲ್ಲಿ ತೆರೆಕಂಡ ‘ಷಿಂಡ್ಲರ್ಸ್ ಲಿಸ್ಟ್’ ಚಿತ್ರ ನೋಡಿದವರಿಗೆ ಅದು ನೆನಪಿರಬಹುದು.

ನಮ್ಮಲ್ಲಿ ಈ ಪಾತ್ರೆ ಇನ್ನೊಂದು ಪರೀಕ್ಷೆಯನ್ನು ಎದುರಿಸಬೇಕಾಯಿತು. ಅದು ಮಡಿಯ ಪರೀಕ್ಷೆ. ಲೋಹದ ಪಾತ್ರೆ ಮೈಲಿಗೆಯಾದರೆ ಬೂದಿ, ಹುಳಿ, ನೀರಿನಿಂದ ತೊಳೆದು ಶುದ್ಧಮಾಡಬಹುದು, ಮಣ್ಣಿನದಾದರೆ ಮತ್ತೆ ಸುಡಬೇಕು ಇಲ್ಲವೇ ಎಸೆಯಬೇಕು ಎಂಬುದು ಧರ್ಮಶಾಸ್ತ್ರಗಳ ಹಳೆಯ ಲೆಕ್ಕ. ಒಳಗೆ ಕಬ್ಬಿಣ, ಹೊರಗೆ ಪಿಂಗಾಣಿಯಾದ ಈ ಪಾತ್ರೆಯನ್ನು ಯಾವ ಲೆಕ್ಕಕ್ಕೆ ಸೇರಿಸುವುದು? ಅನೇಕ ಸಂಪ್ರದಾಯಸ್ಥ ಮನೆಗಳಲ್ಲಿ ಅದಕ್ಕೆ ಒಳಗೆ ಪ್ರವೇಶ ಸಿಗಲಿಲ್ಲ. ಆದರೆ ಜಗಲಿಯ ಕೆಳಗೆ ಸಿಕ್ಕಿತು. ಕೆಲಸದವರಿಗೆಂದು, ಕೆಳಜಾತಿಯೆಂದು ದೂರವಿಟ್ಟವರಿಗೆಂದು ಬೇರೆಯಾಗಿ ತೆಗೆದಿರಿಸಿದ ತಟ್ಟೆ ಲೋಟಗಳು ಕೆಲವೆಡೆ ಗೆರಟೆಯವು, ಕೆಲವೆಡೆ ಅಲ್ಯುಮಿನಿಯಂನವು, ಕೆಲವೆಡೆ ಎನಾಮೆಲ್ಲಿನವು. ಆಸ್ಪತ್ರೆಯಲ್ಲಿ ಶುಚಿತ್ವದ ಗುರುತಾದ ವಸ್ತುವೇ ಮನೆಯಂಗಳದಲ್ಲಿ ಮೈಲಿಗೆಯ ಗುರುತಾಯಿತು. ಪಾತ್ರೆಯ ಗಾಜಿಗೆ ಯಾರ ತುಟಿಯ ಕಲೆಯೂ ಅಂಟುವುದಿಲ್ಲ, ಅಂಟಿದ್ದು ಮನಸ್ಸಿಗೆ. ಅಟ್ಟದ ಹಳೆಯ ಪಾತ್ರೆಗಳನ್ನು ಇಳಿಸಿ ಮೆಚ್ಚುಗೆಯಿಂದ ಒರೆಸುವಾಗ ಈ ಮಾತನ್ನೂ ನೆನೆಯುವುದು ಒಳ್ಳೆಯದು.

ಸೋತದ್ದು, ಉಳಿದದ್ದು

ಎನಾಮೆಲ್ಲನ್ನು ಸೋಲಿಸಿದ್ದು ಸ್ಟೇನ್‌ಲೆಸ್ ಸ್ಟೀಲ್. ಇಂಗ್ಲೆಂಡಿನ ಷೆಫೀಲ್ಡ್‌ನಲ್ಲಿ ಹ್ಯಾರಿ ಬ್ರೇರ್ಲಿ 1913ರಲ್ಲಿ ಕ್ರೋಮಿಯಂ ಬೆರೆಸಿ ತಯಾರಿಸಿದ ಉಕ್ಕು ತುಕ್ಕು ಹಿಡಿಯಲಿಲ್ಲ. ಅದಕ್ಕೂ ಒಂದು ಹೊದಿಕೆಯಿದೆ. ಕಣ್ಣಿಗೆ ಕಾಣದಷ್ಟು ತೆಳುವಾದ ಕ್ರೋಮಿಯಂ ಆಕ್ಸೈಡಿನ ಪೊರೆ. ಗೀರಿದರೆ ಗಾಳಿಯ ಆಮ್ಲಜನಕದಿಂದ ತಾನೇ ಮತ್ತೆ ಕೂಡಿಕೊಳ್ಳುತ್ತದೆ. ಕಲಾಯಿಗೆ ಬೇಕಾದ ಕಲಾಯಿಗಾರನೂ ಬೇಡ, ಎನಾಮೆಲ್ಲಿಗೆ ಬೇಕಾದ ಕುಲುಮೆಯೂ ಬೇಡ. ತನ್ನ ಗಾಯವನ್ನು ತಾನೇ ಮಾಯಿಸಿಕೊಳ್ಳುವ ಪಾತ್ರೆಯ ಮುಂದೆ ಮಿಕ್ಕವು ನಿಲ್ಲುವುದು ಕಷ್ಟವಾಯಿತು. ಎಸೆದರೂ ಬೆಲೆ ಬರುವ ಸ್ಟೀಲು ಮದುವೆಯ ಉಡುಗೊರೆಗಳ ಸಾಲಿನಲ್ಲಿ ಕೂತದ್ದೂ ಸಹಜವೇ.

ಆದರೂ ಎನಾಮೆಲ್ ಹೋಗಿಲ್ಲ, ಕಣ್ಣಿಗೆ ಬೀಳದ ಕಡೆ ಸರಿದುಕೊಂಡಿದೆ. ಗ್ಯಾಸ್ ಒಲೆಯ ಮೇಲೆ ಪಾತ್ರೆ ಕೂರಿಸುವ ಕಪ್ಪು ಕಾಲುಗಳು ಬಹುಮಟ್ಟಿಗೆ ಎನಾಮೆಲ್ ಹೊದ್ದವೇ. ಬೇಕಿಂಗ್ ಓವನ್ನಿನ ಒಳಮೈ ಅದೇ. ಸ್ನಾನದ ನೀರು ಕಾಯಿಸುವ ಗೀಸರಿನಲ್ಲಿ ‘ಗ್ಲಾಸ್ ಲೈನ್ಡ್’ ಎಂದು ಬರೆದಿದ್ದರೆ ಒಳಗಿನ ಉಕ್ಕಿನ ತೊಟ್ಟಿಗೆ ಗಾಜಿನ ಲೇಪವಿದೆಯೆಂದು ಅರ್ಥ. ಆ ಲೇಪದಲ್ಲಿ ಎಲ್ಲೋ ಒಂದು ಸೂಜಿಮೊನೆಯ ತೂತು ಉಳಿದೇ ಇರುತ್ತದೆ. ಅಲ್ಲಿಂದ ತುಕ್ಕು ಹತ್ತದಿರಲೆಂದು ತೊಟ್ಟಿಯೊಳಗೆ ಮೆಗ್ನೀಸಿಯಂ ಲೋಹದ ಒಂದು ಸರಳು ಇಟ್ಟಿರುತ್ತಾರೆ. ಉಕ್ಕಿನ ಬದಲು ಅದು ಕರಗುತ್ತದೆ, ತೊಟ್ಟಿ ಉಳಿಯುತ್ತದೆ. ಸರಳು ಪೂರ್ತಿ ಕರಗಿದ ಮೇಲೆ ಸರದಿ ತೊಟ್ಟಿಯದು. ಉಪ್ಪಿನಂಶವಿರುವ ಬಾವಿ, ಬೋರ್‌ವೆಲ್ ನೀರಿನ ಮನೆಗಳಲ್ಲಿ ಗೀಸರು ಬೇಗ ಸೋರುವುದಕ್ಕೆ ಇದೂ ಒಂದು ಕಾರಣ. ಮೆಕ್ಯಾನಿಕ್ ಬಂದಾಗ ಆ ಸರಳು ಎಷ್ಟು ಉಳಿದಿದೆಯೆಂದು ನೋಡಿಸಿ, ಬೇಕಾದರೆ ಬದಲಿಸಿದರೆ ತೊಟ್ಟಿಯ ಆಯುಸ್ಸು ಹೆಚ್ಚುತ್ತದೆ.

ಬಳಸುವವರಿಗೆ ಎರಡು ಮಾತು

ಈಚೆಗೆ ಎನಾಮೆಲ್ ಹೊದ್ದ ಬೀಡುಕಬ್ಬಿಣದ ಪಾತ್ರೆಗಳೂ ಹಳೆಯ ಮಾದರಿಯ ಬಿಳಿ ಲೋಟ ತಟ್ಟೆಗಳೂ ಮತ್ತೆ ಅಂಗಡಿಗಳಲ್ಲಿ ಕಾಣುತ್ತಿವೆ. ಕೊಳ್ಳುವವರು ಒಂದು ವಿಷಯ ತಿಳಿದಿರಬೇಕು. ಎಲ್ಲ ಎನಾಮೆಲ್ಲೂ ಹುಳಿಗೆ ಒಂದೇ ರೀತಿ ಜಗ್ಗದೆ ನಿಲ್ಲುವುದಿಲ್ಲ. ಬೊರಾಕ್ಸ್, ಸೋಡಾ ಹೆಚ್ಚಿಸಿದರೆ ಗಾಜು ಸುಲಭವಾಗಿ ಕರಗುತ್ತದೆ, ತಯಾರಿಕೆ ಅಗ್ಗವಾಗುತ್ತದೆ, ಆದರೆ ಹುಳಿಗೆ ಸೋಲುತ್ತದೆ. ಮರಳಿನಂಶ ಹೆಚ್ಚಿದರೆ ಹುಳಿಯನ್ನು ತಡೆಯುತ್ತದೆ, ಕುಲುಮೆಯ ಖರ್ಚು ಏರುತ್ತದೆ. ಕಾರ್ಖಾನೆಗಳಲ್ಲಿ ಸಿಟ್ರಿಕ್ ಆಮ್ಲದ ಹನಿಯಿಟ್ಟು, ಸ್ವಲ್ಪ ಹೊತ್ತಿನ ಬಳಿಕ ಒರೆಸಿ, ಹೊಳಪು ಮಾಸಿದೆಯೇ ಎಂದು ನೋಡುವ ಪರೀಕ್ಷೆಯಿದೆ. ಸಿಟ್ರಿಕ್ ಆಮ್ಲವೆಂದರೆ ಲಿಂಬೆಹಣ್ಣಿನ ಹುಳಿಯೇ. ಮನೆಯಲ್ಲೂ ಪಾತ್ರೆಯ ಮೇಲೆ ಲಿಂಬೆರಸದ ಹನಿ ಕೂತ ಜಾಗ ಮಂಕಾದರೆ ಆ ಪಾತ್ರೆ ಹುಳಿ ಅಡುಗೆಗೆ ಹೇಳಿದ್ದಲ್ಲ ಎಂದು ತಿಳಿಯಬಹುದು.

ಎರಡನೆಯದು ಬಣ್ಣ. ಹಳೆಯ ಎನಾಮೆಲ್ಲಿನಲ್ಲಿ ಸೀಸ ಬೆರೆಸುವುದಿತ್ತು. ಕಣ್ಣು ಕುಕ್ಕುವ ಕೆಂಪು, ಕಿತ್ತಳೆ, ಹಳದಿಗಳಿಗೆ ಕ್ಯಾಡ್ಮಿಯಂ ಬಳಸುವುದುಂಟು. ಎರಡೂ ವಿಷಲೋಹಗಳು. ಅವು ಆಹಾರಕ್ಕೆ ಎಷ್ಟು ಇಳಿಯುತ್ತವೆಯೆಂದು ಅಳೆಯಲು ಐಎಸ್‌ಒ 4531 ಎಂಬ ಅಂತಾರಾಷ್ಟ್ರೀಯ ಮಾನದಂಡವಿದೆ. ಅದರಲ್ಲಿ ಪಾತ್ರೆಯನ್ನು ಪರೀಕ್ಷಿಸುವುದು ವಿನೆಗರಿನ ಹುಳಿಯಾದ ಅಸಿಟಿಕ್ ಆಮ್ಲದಿಂದ. ಒಳಮೈಯಲ್ಲಿ ಬಣ್ಣವಿಲ್ಲದ, ತಯಾರಕರ ಹೆಸರಿರುವ ಪಾತ್ರೆಯನ್ನು ಆರಿಸುವುದು ಕ್ಷೇಮ. ಅಟ್ಟದಿಂದ ಇಳಿಸಿದ ಬಣ್ಣದ ಹಳೆಯ ಪಾತ್ರೆ ಹೂಕುಂಡವಾಗಿ ಚೆಂದ, ಸಾರಿಗಲ್ಲ. ಒಳಗೆ ಚಕ್ಕೆ ಎದ್ದ ಪಾತ್ರೆಯಲ್ಲಿ ಅಡುಗೆ ಬೇಡ. ಕಬ್ಬಿಣ ನಂಜಲ್ಲ, ಆದರೆ ಚಕ್ಕೆಯೆಂದರೆ ಗಾಜಿನ ಚೂರು. ಒಮ್ಮೆ ಬಿಟ್ಟ ಬಿರುಕಿನಿಂದ ಇನ್ನಷ್ಟು ಚೂರು ಅನ್ನದ ಪಾಲಾಗಬಹುದು. ಕಾದ ಪಾತ್ರೆಗೆ ತಣ್ಣೀರು, ಬರಿದಾದ ಪಾತ್ರೆಗೆ ದೊಡ್ಡ ಉರಿ, ತಿಕ್ಕಲು ಉಕ್ಕಿನ ನಾರು ಈ ಮೂರನ್ನು ದೂರವಿಟ್ಟರೆ ಒಳ್ಳೆಯ ಎನಾಮೆಲ್ ದಶಕಗಳ ಕಾಲ ಬಾಳುತ್ತದೆ.

ಮಣ್ಣಿನ ಬಿಸಲೆ ಒಡೆದರೆ ಮಣ್ಣಿಗೆ ಸೇರುತ್ತಿತ್ತು. ಕಲಾಯಿ ಸವೆದರೆ ಕಲಾಯಿಗಾರ ಬರುತ್ತಿದ್ದ. ಎನಾಮೆಲ್ಲಿಗೆ ಈ ಎರಡು ಅನುಕೂಲವೂ ಇಲ್ಲ. ಅದು ಕೇಳುವುದು ಬಳಸುವವರ ಎಚ್ಚರವೊಂದನ್ನೇ. ಹುಳಿಯ ಊರಿನವರಾದ ನಮಗೆ ಆ ಎಚ್ಚರ ಹೊಸದೇನಲ್ಲ. ಯಾವ ಪಾತ್ರೆಗೆ ಏನು ಹಾಕಬಾರದೆಂದು ಹಿರಿಯರು ಹೇಳುತ್ತಿದ್ದ ಮಾತಿನಲ್ಲಿ ಮಡಿಯ ಪಾಲನ್ನು ಬಿಟ್ಟು, ರಸಾಯನಶಾಸ್ತ್ರದ ಪಾಲನ್ನು ಉಳಿಸಿಕೊಂಡರೆ ಸಾಕು.